ಮೂರು ಗುಂಡಿಯ ಕೋಟಿನವನು

ಹೋದ ತಿಂಗಳು ಅವನು ಸತ್ತ. ಇಲ್ಲಿನ ಪತ್ರಿಕೆಗಳು ಅರ್ಧರ್ಧ ಪುಟ ಬರೆದವು. ಒಂದು ತಲೆಮಾರಿಗೆ ಬಟ್ಟೆ ಹಾಕಿಕೊಳ್ಳುವುದನ್ನು ಕಲಿಸಿದವನು, ಬೀದಿಯ ಕವಿ, ಗೆಳೆತನದ ಗಾಯಕ ಎಂದೆಲ್ಲ ಹೊಗಳಿದವು. ಗೆಳೆತನದ ಗಾಯಕ ಎಂಬುದನ್ನು ಓದಿದಾಗ ನನ್ನ ಕೈಯಲ್ಲಿದ್ದ ಚಹಾ ಚೆಲ್ಲಿತು. ನಾನು ಅವನಿಗೆ ವರ್ಷಗಟ್ಟಲೆ ಸೂಟು ಹೊಲಿದವಳು. ಅವನ ಎದೆ, ಸೊಂಟ, ಭುಜ, ತೋಳು ಎಲ್ಲದರ ಅಳತೆ ನನ್ನ ಪುಸ್ತಕದಲ್ಲಿದೆ. ಮನಸ್ಸಿನ ಅಳತೆಯೂ ಗೊತ್ತು, ಅದಕ್ಕೆ ಪುಸ್ತಕ ಬೇಕಾಗಲಿಲ್ಲ. ನಾನು ಇದನ್ನು ಬರೆಯಲು ಕೂತಾಗ ನಮ್ಮ ಮನೆಯವರು, "ಸತ್ತ ಮ್ಯಾಲರ ಅವರು ಇವರು ಅಂತ ಮರ್ಯಾದಿ ಕೊಟ್ಟು ಬರಿ" ಎಂದರು. ಕೊಡುವುದಿಲ್ಲ. ಹೆಸರನ್ನು ಮಾತ್ರ ಬರೆಯುವುದಿಲ್ಲ, ಅದೂ ಅವನ ಮೇಲಿನ ಕರುಣೆಯಿಂದಲ್ಲ. ಅವನ ಹೆಸರು ಇನ್ನೊಂದು ಕಡೆ ಅಚ್ಚಾಗುವುದು ನನಗೆ ಬೇಕಿಲ್ಲ.

ನಮ್ಮದು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ, ಟ್ಯೂಬ್ ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ, ಡ್ರೈ ಕ್ಲೀನಿಂಗ್ ಮತ್ತು ಆಲ್ಟರೇಷನ್ ಅಂಗಡಿ. ಗುಜರಾತಿ ಮದುವೆಗಳ ಬ್ಲೌಸು, ಶಾಲೆಯ ಹುಡುಗರ ಬ್ಲೇಜರು, ಪಾರ್ಕ್ ರಾಯಲ್ ಗೋದಾಮುಗಳಲ್ಲಿ ದುಡಿಯುವವರ ಪ್ಯಾಂಟಿನ ಜಿಪ್ಪು, ಇವೇ ನಮಗೆ ಅನ್ನ ಹಾಕಿದ್ದು. ನನ್ನ ಅಪ್ಪ ಬೆಳಗಾವಿಯಲ್ಲಿ ಟೇಲರ್ ಆಗಿದ್ದರು. ಗಂಡುಮಕ್ಕಳಿಲ್ಲವೆಂದು ಕೋಟಿನ ಕೆಲಸವನ್ನು ನನಗೇ ಕಲಿಸಿದರು. ಕಿಂಗ್ಸ್‌ಬರಿಗೆ ಬಂದ ಮೇಲೆ ನಮ್ಮವರು ಕೌಂಟರು, ಇಸ್ತ್ರಿ ನೋಡಿಕೊಂಡರು, ಕತ್ತರಿ ನನ್ನದಾಯಿತು.

ಅವನು ಮೊದಲ ಸಲ ಬಂದಾಗ ಒಂದು ಹಳೆಯ ಕೋಟನ್ನು ಎಳೆಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಮೂರು ಗುಂಡಿ, ಕಿರಿದಾದ ಕಾಲರು, ಬೆನ್ನ ಕೆಳಗೆ ಎರಡು ಸೀಳು. ಬೆಳಕಿಗೆ ಹಿಡಿದರೆ ನೀಲಿ, ನೆರಳಿಗೆ ತಂದರೆ ಕಂದು ಕಾಣುವ ಬಟ್ಟೆ. "ಇಂಥದ್ದೇ ಬೇಕು. ಇಂಥದ್ದೇ ಅಂದರೆ ಇಂಥದ್ದೇ" ಎಂದ. ಸೋಹೋದ ಬಲು ದೊಡ್ಡ ಟೇಲರ್ ತನಗಾಗಿ ಹೊಲಿದದ್ದು, ಆ ಟೇಲರ್ ಈಗಿಲ್ಲ, ಇದ್ದಿದ್ದರೆ ನಮ್ಮಂಥ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ ಎಂಬುದನ್ನೂ ಸೇರಿಸಿದ. ಅವನು ಹೋದ ಮೇಲೆ ನಾನು ಕೋಟಿನ ಒಳಪದರದ, ಅಂದರೆ ಅಸ್ತರಿನ, ಒಂದು ಮೂಲೆ ಬಿಚ್ಚಿ ನೋಡಿದೆ. ಕೈಹೊಲಿಗೆ. ಕಂಕುಳಲ್ಲಿ ಎರಡೆರಡು ಸಲ ಗಟ್ಟಿ ಮಾಡಿದ್ದರು. ಅಸ್ತರಿನ ಬಟ್ಟೆ ಕಿಟಕಿ ಪರದೆಯದು, ಒಳಮಗ್ಗುಲಲ್ಲಿ ಸಣ್ಣ ಹಳದಿ ಹೂವುಗಳಿದ್ದವು. "ಇದು ದೊಡ್ಡ ಟೇಲರ್ ಕೈ ಅಲ್ರೀ, ಯಾರದೋ ತಾಯಿ ಕೈ" ಎಂದು ನಮ್ಮವರಿಗೆ ತೋರಿಸಿದೆ. "ಇರ್ಲಿ, ಅವಂಗ ಹೇಳಬ್ಯಾಡ ಮತ್ತ" ಎಂದರು.

ಅವನು ಯಾರೆಂದು ಹೇಳಿದವಳು ಮಗಳು. ಆಗ ಅವಳು ಇನ್ನೂ ಶಾಲೆಯಲ್ಲಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ರೂಢಿ. "ಮಮ್, ಹಿ ಈಸ್ ಪ್ರಾಪರ್ ಫೇಮಸ್!" ಎಂದು ಕಂಪ್ಯೂಟರಿನಲ್ಲಿ ತೋರಿಸಿದಳು. ಎಪ್ಪತ್ತರ ದಶಕದ ಕೊನೆಯಲ್ಲಿ ಪಂಕ್ ಎಂಬ ಗಲಾಟೆ ಎದ್ದು, ಲಂಡನ್ನಿನ ಹುಡುಗರು ಬಟ್ಟೆ ಹರಿದುಕೊಂಡು, ಹರಿದದ್ದಕ್ಕೆ ಪಿನ್ನು ಚುಚ್ಚಿಕೊಂಡು ಕಿರುಚುತ್ತಿದ್ದರಂತೆ. ಆಗ ಈ ನಾಲ್ಕು ಹುಡುಗರು ಅದೇ ಸಿಟ್ಟಿನ ಹಾಡುಗಳನ್ನು ಇಸ್ತ್ರಿ ಮಾಡಿದ ಸೂಟಿನಲ್ಲಿ ನಿಂತು ಹಾಡಿದರು. ಅದಕ್ಕೂ ಹದಿನೈದು ವರ್ಷ ಹಿಂದೆ ಮಾಡ್ ಎಂಬ ಒಂದು ಪಂಗಡವಿತ್ತು. ಸ್ಕೂಟರ್ ಮೇಲೆ ಸುತ್ತುತ್ತ, ದುಡಿದದ್ದನ್ನೆಲ್ಲ ಬಟ್ಟೆಗೆ ಸುರಿಯುತ್ತಿದ್ದ ಹುಡುಗರು. ಇವರು ಆ ವೇಷವನ್ನು ಎರವಲು ತಂದರು. ನಾಲ್ಕು ವರ್ಷ, ಎರಡು ಆಲ್ಬಂ, ನಾಲ್ಕೈದು ಹಿಟ್ ಹಾಡು, ಅಮೆರಿಕದಲ್ಲಿ ಯಾರೂ ತಿರುಗಿ ನೋಡದ ಒಂದು ಪ್ರವಾಸ, ಆಮೇಲೆ ಜಗಳವಾಗಿ ಬ್ಯಾಂಡು ಮುರಿಯಿತು.

ಹಾಡುಗಳು ಮಾತ್ರ ಉಳಿದವು. ಬೆಳಗಿನ ಲೋಕಲ್ ರೈಲಿನ ಬಗ್ಗೆ ಅವರದೊಂದು ಹಾಡಿದೆ. ಇಂದಿಗೂ ಫುಟ್‌ಬಾಲ್ ಮೈದಾನದಲ್ಲಿ ಹಾಡುತ್ತಾರೆ, ಮದುವೆ ಪಾರ್ಟಿಗಳಲ್ಲಿ ಹಾಕುತ್ತಾರೆ, ಇನ್ಶೂರೆನ್ಸ್ ಜಾಹೀರಾತಿನಲ್ಲೂ ಬಂತು. ಅವರ ಮೊಮ್ಮಕ್ಕಳ ವಯಸ್ಸಿನ ಬ್ಯಾಂಡುಗಳು ತಾವು ಅವರಿಂದಲೇ ಕಲಿತದ್ದು ಎನ್ನುತ್ತವೆ. ಆ ಹಾಡು ಶುರುವಾಗುವುದು ಗಿಟಾರಿನಿಂದಲ್ಲ, ಡ್ರಮ್ಸಿನ ಎಂಟು ಏಟಿನಿಂದ, ರೈಲು ಹಳಿಯ ಕೂಡುಗಳ ಮೇಲೆ ಹಾದುಹೋದ ಹಾಗೆ. ಆ ಎಂಟು ಏಟು ಬಿದ್ದರೆ ಸಾಕು, ತಲೆ ಬೋಳಾದ ಗಂಡಸರು ಗ್ಲಾಸು ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಆ ಏಟುಗಳನ್ನು ಅಮ್ಮನ ಅಡುಗೆಮನೆಯ ಟೇಬಲ್ಲಿನ ಮೇಲೆ ಬೆರಳಿನಿಂದ ಬಡಿದು ತಾನೇ ಕಂಡುಹಿಡಿದೆ ಎಂದು ಅವನು ರೇಡಿಯೋದಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅವನು ಹಾಡುಗಾರ, ಗಿಟಾರಿನವನು. ಡ್ರಮ್ಸ್ ಬಾರಿಸುತ್ತಿದ್ದವರು ಬೇರೆ.

ನಮ್ಮ ಅಂಗಡಿಗೆ ಬರುವ ಹೊತ್ತಿಗೆ ಅವನು ಬ್ಯಾಂಡಿಗೆ ಮತ್ತೆ ಜೀವ ಕೊಟ್ಟಿದ್ದ, ಅಂದರೆ ಹಳೆಯ ಹೆಸರಿನಲ್ಲಿ ಮೂವರು ಬಾಡಿಗೆಯವರನ್ನು ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ವರ್ಷಕ್ಕೆ ಎರಡು ಸೂಟು. ನನ್ನನ್ನು 'ಲವ್' ಎನ್ನುತ್ತಿದ್ದ, ನಮ್ಮವರನ್ನು 'ಮೇಟ್'. ಅಷ್ಟು ವರ್ಷದಲ್ಲಿ ಒಮ್ಮೆಯೂ ಹೆಸರು ಕೇಳಲಿಲ್ಲ. ಮಾತಾಡುವಾಗ ಹೆಬ್ಬೆರಳು ತೋರುಬೆರಳಿನ ನಡುವೆ ಕಾಲರಿನ ಅಂಚನ್ನು ಮೇಲಿಂದ ಕೆಳಗೆ ಸವರುತ್ತಿದ್ದ. ಕಣ್ಣು ನಮ್ಮ ಮೇಲೆ ಇರುತ್ತಿರಲಿಲ್ಲ, ನಮ್ಮ ಹಿಂದಿನ ಕನ್ನಡಿಯ ಮೇಲಿರುತ್ತಿತ್ತು.

ಅಳತೆ ತೆಗೆಯುವಾಗ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬಾರದು ಎಂಬುದು ಅವನ ಕಟ್ಟಪ್ಪಣೆ. ಬರೆದುಕೊಂಡು ಪುಸ್ತಕ ಮುಚ್ಚಬೇಕು. ಇದರಲ್ಲಿ ನನಗೆ ತಕರಾರಿರಲಿಲ್ಲ. ಗಿರಾಕಿಗೆ ದಪ್ಪ ಆಗಿದ್ದೀರಿ ಎನ್ನುವ ಟೇಲರ್ ಇಲ್ಲ. ಬಟ್ಟೆ ಕುಗ್ಗಿದೆ ಎನ್ನುತ್ತೇವೆ, ಡ್ರೈ ಕ್ಲೀನಿಂಗಿನವರು ಕೆಡಿಸಿದ್ದಾರೆ ಎನ್ನುತ್ತೇವೆ. ನಮ್ಮಲ್ಲಿ ಡ್ರೈ ಕ್ಲೀನಿಂಗಿನವರೂ ನಾವೇ ಆದದ್ದರಿಂದ ನಮ್ಮವರು ಅವನ ಕೈಲಿ ಬೈಸಿಕೊಂಡರು. ಪ್ರತಿ ಸಲ ನಾನು ಹೊಲಿಗೆಯ ಒಳಗೆ ಹೆಚ್ಚಾಗಿ ಬಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಅರ್ಧ ಇಂಚು ಸಡಿಲಿಸಿ, ಏನೂ ಮಾಡದವಳ ಹಾಗೆ ಕೊಡುತ್ತಿದ್ದೆ. ತನ್ನ ಅಳತೆ ಹತ್ತೊಂಬತ್ತನೇ ವಯಸ್ಸಿನಿಂದ ಬದಲಾಗಿಲ್ಲ ಎಂದು ಅವನು ಟಿವಿಯಲ್ಲಿ ಹೇಳಿದಾಗ ನಾವಿಬ್ಬರೂ ಸೋಫಾದಲ್ಲಿ ಬಿದ್ದು ಬಿದ್ದು ನಕ್ಕೆವು.

ಒಂದು ಸಲ ಅವನು ಟ್ರಯಲ್‌ಗೆ ನಿಂತಿದ್ದಾಗ ಒಬ್ಬ ಗಿರಾಕಿ ಅವನನ್ನು ಗುರುತು ಹಿಡಿದ. ಅರವತ್ತರ ಆಸುಪಾಸಿನ ಮನುಷ್ಯ. ಹಸಿರು ಉದ್ದಂಗಿಯ ಮೇಲೆ ಬ್ಯಾಂಡಿನ ಬಿಲ್ಲೆ ಚುಚ್ಚಿಕೊಂಡಿದ್ದ. ತನ್ನ ತಮ್ಮ ತೀರಿಕೊಂಡಾಗ ಶವಪೆಟ್ಟಿಗೆಯನ್ನು ಒಳಗೆ ಒಯ್ಯುವ ಹೊತ್ತಿಗೆ ಆ ರೈಲಿನ ಹಾಡನ್ನೇ ಹಾಕಿದೆವು ಎಂದು ಹೇಳುತ್ತ ಅತ್ತುಬಿಟ್ಟ. ಇವನು ಅದನ್ನೆಲ್ಲ ಕೇಳಿಸಿಕೊಂಡು, ಆ ಮನುಷ್ಯನ ಕಾಲು ನೋಡಿ, "ಆ ಶೂಗೆ ಬಿಳಿ ಸಾಕ್ಸ್ ಹಾಕಬಾರದು" ಎಂದ. ಪಾಪ, ಆ ಮನುಷ್ಯ ಅದನ್ನೂ ಪ್ರಸಾದವೆಂದು ತೆಗೆದುಕೊಂಡು ನಗುತ್ತ ಹೋದ.

ಒಂದನ್ನು ಒಪ್ಪಿಕೊಳ್ಳುತ್ತೇನೆ. ಬಟ್ಟೆಯ ವಿಷಯದಲ್ಲಿ ಅವನ ಕಣ್ಣು ಸುಳ್ಳು ಹೇಳುತ್ತಿರಲಿಲ್ಲ. ಪ್ಯಾಂಟಿನ ಅಂಚು ಶೂಗೆ ತಾಗಬೇಕು, ಅದರ ಮೇಲೆ ಕೂರಬಾರದು. ಅಂಗಿಯ ಕೈ ಕೋಟಿನಿಂದ ಇಷ್ಟೇ ಇಣುಕಬೇಕು. ಅಪ್ಪ ಕಲಿಸದೆ ಬಿಟ್ಟದ್ದನ್ನು ನಾನು ಅವನ ಬೈಗುಳದಿಂದ ಕಲಿತೆ. ಒಮ್ಮೆ ನಾನು ಮೊಣಕಾಲೂರಿ ಪಿನ್ನು ಹಾಕುತ್ತಿದ್ದಾಗ ತನ್ನಷ್ಟಕ್ಕೆ ಮೆಲ್ಲಗೆ ಹಾಡಿಕೊಂಡ. ಒಳ್ಳೆಯ ಗಂಟಲು. ಇಂಥ ಗಂಟಲನ್ನು ಇಂಥವನಿಗೆ ಯಾಕಪ್ಪ ಕೊಟ್ಟೆ ಎಂದು ದೇವರ ಮೇಲೆ ಸಿಟ್ಟು ಬಂತು.

ಎರಡು ವರ್ಷದ ಹಿಂದೆ ಅವನು ಭಾರಿ ಉಮೇದಿನಿಂದ ಬಂದ. ಮೊದಲ ಆಲ್ಬಮ್ಮಿನ ನೆನಪಿಗೆ ಒಂದು ದೊಡ್ಡ ಕಾರ್ಯಕ್ರಮವಂತೆ, ಕೊನೆಯ ಸಲವಂತೆ. "ನಾಲ್ವರೂ ಹಳಬರೇ ಇರ್ತೀವಿ" ಎಂದ. ಹಳೆಯ ಕೋಟಿನ ಬಣ್ಣದ್ದೇ ಬಟ್ಟೆಯನ್ನು ಉತ್ತರದ ಯಾವುದೋ ಗಿರಣಿಯಿಂದ ತರಿಸಿದ್ದ. ನಾಲ್ಕು ಸೂಟಿಗೆ ಸರಿಯಾಗಿ, ಅಂಗೈಯಗಲವೂ ಹೆಚ್ಚಿರಲಿಲ್ಲ. ಗಿರಣಿಯಲ್ಲೂ ಮುಗಿದಿತ್ತು.

ಡೆರೆಕ್ ನಮ್ಮ ಅಂಗಡಿಗೆ ಬಂದದ್ದು ಹಾಗೆ. ಡ್ರಮ್ಸ್ ಬಾರಿಸುತ್ತಿದ್ದವರು ಅವರೇ. ಬ್ಯಾಂಡು ಮುರಿದ ಮೇಲೆ ಮೂವತ್ತು ವರ್ಷ ಬಸ್ಸು ಓಡಿಸಿ, ನಿವೃತ್ತರಾಗಿ, ಸಟನ್‌ನಲ್ಲಿ ಒಂದು ಸಣ್ಣ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಲಂಡನ್ನಿನ ಆ ತುದಿಯಿಂದ ಈ ತುದಿಗೆ ರೈಲು ಬದಲಿಸಿ ಬಂದವರು ಮೊದಲು ಕೇಳಿದ್ದು ನನ್ನ ಹೆಸರನ್ನು. ಶಾಂತಾ ಎಂದೆ. ಎರಡು ಸಲ ತಪ್ಪಾಗಿ ಹೇಳಿ, ಮೂರನೇ ಸಲ ಸರಿಯಾಗಿ ಹೇಳಿದರು. ಮಾದರಿಗೆಂದು ತೂಗುಹಾಕಿದ್ದ ಹಳೆಯ ಕೋಟನ್ನು ಬಿಡಿಸಿ ಅಸ್ತರು ನೋಡಿ ಜೋರಾಗಿ ನಕ್ಕರು. "ಇದು ನಮ್ಮ ಅಡುಗೆಮನೆ ಪರದೆ! ನಾಲ್ಕೂ ನಮ್ಮಮ್ಮನೇ ಹೊಲಿದದ್ದು. ಪರದೆ ಇಲ್ಲದೆ ಒಂದು ವರ್ಷ ಅಕ್ಕಪಕ್ಕದವರು ನಮ್ಮ ಊಟ ನೋಡಿದರು" ಎಂದರು.

ಆ ಎಂಟು ಏಟುಗಳ ಬಗ್ಗೆ ಕೇಳಿದೆ. ಅವರಿಗೆ ಸಂಕೋಚವಾಯಿತು. "ನನ್ನದೇ. ಆದರೆ ಅವನ ಹಾಡಿಲ್ಲದಿದ್ದರೆ ಆ ಎಂಟನ್ನು ಯಾರು ಕೇಳ್ತಿದ್ದರು ಹೇಳಿ?" ಎಂದರು. ನಲವತ್ತು ವರ್ಷದ ಮೇಲೆ ಅವನು ಫೋನ್ ಮಾಡಿದಾಗ ಪಾತ್ರೆ ತೊಳೆಯುತ್ತಿದ್ದರಂತೆ, ಸೋಪಿನ ಕೈಯಲ್ಲೇ ಹೂಂ ಎಂದರಂತೆ. ಅಂದಿನಿಂದ ದಿನಾ ಸೋಫಾದ ದಿಂಬುಗಳನ್ನು ಸಾಲಾಗಿಟ್ಟು ಬಾರಿಸುತ್ತಿದ್ದರು. ಬೆರಳಿನ ಗಂಟು ನೋಯುತ್ತಿತ್ತು, ಡಾಕ್ಟರಿಗೆ ಹೇಳಿದರೆ ಬಾರಿಸುವುದು ಬೇಡವೆಂದಾರೆಂದು ಹೇಳಿರಲಿಲ್ಲ. ರಿಹರ್ಸಲ್ ಕೊನೆಯ ವಾರಕ್ಕೆ ಎಂದಿದ್ದನಂತೆ. "ಇನ್ನೊಂದು ಸಲ ಆ ಹಾಡು ಶುರು ಮಾಡಿದರೆ ಸಾಕು ಶಾಂತಾ, ಆಮೇಲೆ ಮನೆಗೆ ಕಳಿಸಿದರೂ ಬೇಜಾರಿಲ್ಲ" ಎಂದರು. ಅವರ ಕೋಟನ್ನು ನಾನು ಮನಸ್ಸಿಟ್ಟು ಕತ್ತರಿಸಿದೆ. ಮೊದಲ ಟ್ರಯಲ್ ಆಗಿ, ಎರಡನೆಯದಕ್ಕೆ ಒಂದು ಶನಿವಾರ ಗೊತ್ತು ಮಾಡಿದೆವು.

ಆ ಶನಿವಾರಕ್ಕೆ ಐದು ದಿನ ಮುಂಚೆ ಅವನು ಒಬ್ಬ ಸಪೂರ ಮೈಯ ಯುವಕನ ಜೊತೆ ಬಂದ. "ಡೆರೆಕ್‌ನ ಸೂಟನ್ನು ಇವನಿಗೆ ಸರಿ ಮಾಡು" ಎಂದ. ನನಗೆ ಅರ್ಥವಾಗಲಿಲ್ಲ.

"ಡೆರೆಕ್ ಬಾರಿಸೋದಿಲ್ವಾ?"

"ಆ ಸೂಟಿನಲ್ಲಿ ಅವನು ಬಸ್ ಡ್ರೈವರ್ ಥರ ಕಾಣ್ತಾನೆ, ಲವ್. ಹಿಂದೆ ಇಷ್ಟು ದೊಡ್ಡ ಸ್ಕ್ರೀನ್ ಇರುತ್ತೆ."

ಅವನು, ಡೆರೆಕ್ ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು. ಅವನ ಮುಖದಲ್ಲಿ ಡೆರೆಕ್‌ಗಿಂತ ಹೆಚ್ಚು ಸುಕ್ಕುಗಳಿದ್ದವು.

"ಅವರಿಗೆ ಹೇಳಿದೀರಾ?"

"ಹೇಳ್ತೀನಿ. ಶನಿವಾರದೊಳಗೆ ಫೋನ್ ಮಾಡ್ತೀನಿ" ಎಂದು ಕಾಲರು ಸವರಿಕೊಂಡ.

ನಾನು ಆಗಲೇ ಕತ್ತರಿ ಕೆಳಗಿಡಬೇಕಿತ್ತು, ಇಡಲಿಲ್ಲ. ನಮ್ಮವರು ಒಳಗೆ ಕರೆದು, "ಮಾಡಿಕೊಡು, ಆದ್ರ ಒಳಗ ಬಟ್ಟಿ ಬಿಡು. ನಾಳೆ ಅವನ ಮನಸ್ಸು ತಿರುಗಿದ್ರ ಮತ್ತ ಬಿಚ್ಚಿ ಡೆರೆಕ್ ಅವರಿಗೇ ಮಾಡಾಕ ಬರ್ತೈತಿ" ಎಂದರು. ಯಾವ ಟೇಲರಾದರೂ ಮಾಡುವುದು ಅದನ್ನೇ. ಎದೆ, ಬೆನ್ನು ಒಳಗೆ ತೆಗೆದುಕೊಂಡು, ತೋಳನ್ನು ಒಂದೂವರೆ ಇಂಚು ಮಡಿಸಿ ಹೊಲಿದೆ, ಕತ್ತರಿಸಲಿಲ್ಲ. ಗುರುವಾರ ಅವನು ನೋಡಲು ಬಂದು, ಹೊಲಿಗೆಯ ಒಳಗೆ ಬೆರಳಾಡಿಸಿ, "ಉಬ್ಬುತ್ತೆ. ಕತ್ತರಿಸು" ಎಂದ.

"ಕತ್ತರಿಸಿದರೆ ಮತ್ತೆ ಡೆರೆಕ್‌ಗೆ ಆಗೋದಿಲ್ಲ."

"ಗೊತ್ತು" ಎಂದ.

ಎದುರಿಗೇ ನಿಂತ. ನಾನು ಕತ್ತರಿಸಿದೆ. ಪಟ್ಟಿ ಪಟ್ಟಿಯಾಗಿ ನೆಲಕ್ಕೆ ಬಿದ್ದ ಬಟ್ಟೆ ನೀಲಿಯಾಗಿಯೂ ಕಂದಾಗಿಯೂ ಕಂಡಿತು. ಅವನನ್ನು ನಾನು ದ್ವೇಷಿಸಲು ಶುರು ಮಾಡಿದ್ದು ಆ ಹೊತ್ತಿನಿಂದ. ಅದರಲ್ಲಿ ನನ್ನ ಮೇಲಿನ ಹೇಸಿಗೆಯೂ ಸೇರಿದೆ, ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಶನಿವಾರ ಹತ್ತು ಗಂಟೆಗೆ ಬಾಗಿಲಿನ ಗಂಟೆ ಬಾರಿಸಿತು. ಡೆರೆಕ್. ಕೈಯಲ್ಲಿ ನಮಗೆಂದು ತಂದ ಕೇಕಿನ ಡಬ್ಬಿ. ಮುಖ ನೋಡಿದ ಕೂಡಲೇ ಅವನು ಫೋನ್ ಮಾಡಿಲ್ಲವೆಂದು ತಿಳಿಯಿತು. ನಾನು ಒಳಗೆ ಓಡಿ ಅವನಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಹೊರಗೆ ಬಂದಾಗ ಡೆರೆಕ್ ಆಗಲೇ ಹ್ಯಾಂಗರಿನಿಂದ ಕೋಟು ತೆಗೆದು ಹಾಕಿಕೊಳ್ಳುತ್ತಿದ್ದರು. ಅವರ ಹೆಸರಿನ ಚೀಟಿಯನ್ನು ನಾನು ಇನ್ನೂ ಕಿತ್ತಿರಲಿಲ್ಲ. ಗುಂಡಿ ಕೂಡಲಿಲ್ಲ. ಬೆನ್ನ ಹೊಲಿಗೆ ಬಿಗಿದುಕೊಂಡಿತು. ಅವರು ಕನ್ನಡಿಯಲ್ಲಿ ಸುಮಾರು ಹೊತ್ತು ನೋಡಿಕೊಂಡರು. ನಾನು ಅವರ ಹಿಂದೆ ಪಿನ್ನಿನ ಡಬ್ಬಿ ಹಿಡಿದು ನಿಂತಿದ್ದೆ. ನಮ್ಮವರು ಇಸ್ತ್ರಿ ನಿಲ್ಲಿಸಿದರು.

"ದಪ್ಪ ಆಗಿದೀನಾ?" ಎಂದು ಕೇಳಿದರು.

ಇಷ್ಟು ವರ್ಷದ ಕಸುಬಿನಲ್ಲಿ ಯಾರಿಗೂ ಅನ್ನದ ಮಾತು. "ಹೂಂ. ಸ್ವಲ್ಪ" ಎಂದೆ.

ಅವರು ಕೋಟನ್ನು ಜೋಪಾನವಾಗಿ ಬಿಚ್ಚಿ, ಮತ್ತೆ ಹ್ಯಾಂಗರಿಗೆ ಹಾಕಿ, ಭುಜ ಸರಿಮಾಡಿದರು. "ಕಾರ್ಯಕ್ರಮಕ್ಕೆ ಇನ್ನೂ ಮೂರು ವಾರ ಇದೆಯಲ್ಲ. ಇಳಿಸ್ತೀನಿ" ಎಂದು ನಕ್ಕರು.

ಮೂರು ವಾರ ನಾನು ಅವನಿಗೆ ಮೇಲಿಂದ ಮೇಲೆ ಫೋನ್ ಮಾಡಿದೆ. ಒಂದು ಸಲ ಎತ್ತಿದ. "ಡೆರೆಕ್ ಜಾಣ, ಅವನಿಗೇ ಅರ್ಥ ಆಗುತ್ತೆ" ಎಂದು ಇಟ್ಟುಬಿಟ್ಟ. ಕೊನೆಯ ವಾರದ ಬುಧವಾರ ಬಂದು ನಾಲ್ಕೂ ಸೂಟು ಒಯ್ದ. ಶುಕ್ರವಾರ ಡೆರೆಕ್ ಬಂದರು. ಕೆನ್ನೆ ಒಳಗೆ ಹೋಗಿತ್ತು, ಬೆಲ್ಟಿಗೆ ಹೊಸದಾಗಿ ತೂತು ಹಾಕಿದ್ದರು. ಬ್ರೆಡ್ಡು ಬಿಟ್ಟು, ಆಲೂಗಡ್ಡೆ ಬಿಟ್ಟು, ದಿನಾ ಎರಡು ಗಂಟೆ ನಡೆದರಂತೆ. "ಈಗ ನೋಡೋಣ ಬನ್ನಿ" ಎಂದರು.

"ಸೂಟು ಇಲ್ಲ ಡೆರೆಕ್. ಅವರು ತಗೊಂಡು ಹೋದರು."

"ನಾಲ್ಕೂ?"

"ನಾಲ್ಕೂ."

"ಸರಿ ಹಾಗಾದರೆ" ಎಂದು ಟೋಪಿ ಹಾಕಿಕೊಂಡರು. ಆಗಲೂ ನಾನು ನಿಜ ಹೇಳಲಿಲ್ಲ.

ಕಾರ್ಯಕ್ರಮದ ವಿಡಿಯೋವನ್ನು ಮಗಳು ತೋರಿಸಿದಳು. ಯುವಕ ಎಂಟು ಏಟು ಹಾಕಿದ, ಜನ ಎದ್ದು ನಿಂತರು. ಇವನು ಮೈಕಿನ ಮುಂದೆ ಗೆಳೆತನದ ಬಗ್ಗೆ ಎರಡು ಮಾತಾಡಿದ. ಮುಂದಿನ ವಾರ ಸೂಟನ್ನು ಡ್ರೈ ಕ್ಲೀನಿಂಗಿಗೆ ತಂದು, ಸೊಂಟ ಯಾಕೋ ಬಿಗಿ, ಬಟ್ಟೆ ಕುಗ್ಗಿದೆ ಎಂದು ಶುರು ಮಾಡಿದ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ನಾನು ಟೇಪು ಸುತ್ತಿ, ಪುಸ್ತಕ ತೆಗೆಯದೆ, "ನಲವತ್ತೆರಡು!" ಎಂದು ಬೀದಿ ಆಚೆಗೆ ಕೇಳಿಸುವ ಹಾಗೆ ಕೂಗಿದೆ. ನಮ್ಮವರು ಒಳಗಿಂದ, "ಬರ್ಕೊಂಡೆ, ನಲವತ್ತೆರಡು!" ಎಂದರು. ಅವನು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಡೆರೆಕ್‌ಗೆ ಫೋನನ್ನೂ ಮಾಡಲಿಲ್ಲ. ಹಾಗೆಯೇ ಸತ್ತ.

ಅವನು ಸತ್ತ ನಾಲ್ಕನೇ ದಿನ ಡೆರೆಕ್ ಒಂದು ಕಪ್ಪು ಪ್ಯಾಂಟು ಹಿಡಿದು ಬಂದರು. ಅಂತ್ಯಕ್ರಿಯೆಗೆ ಹಾಕಿಕೊಳ್ಳಬೇಕು, ಸೊಂಟ ಸಡಿಲ, ಒಳಗೆ ತೆಗೆದುಕೊಡಿ ಎಂದರು. ಅಳತೆ ತೆಗೆಯಲು ಕೂತಾಗ ನನಗೆ ತಡೆದುಕೊಳ್ಳಲಾಗಲಿಲ್ಲ.

"ಡೆರೆಕ್, ಆವತ್ತು ನೀವು ದಪ್ಪ ಆಗಿರಲಿಲ್ಲ. ನಾನು ಸುಳ್ಳು ಹೇಳಿದೆ. ಕೋಟನ್ನು ಆ ಹುಡುಗನಿಗೆ ಕತ್ತರಿಸಿಬಿಟ್ಟಿದ್ದೆ."

"ಗೊತ್ತಿತ್ತು ಶಾಂತಾ. ತೋಳು ಹಾಕಿದ ಕೂಡಲೇ ಗೊತ್ತಾಯಿತು. ದಪ್ಪ ಆದರೆ ಯಾರಿಗಾದರೂ ಕೈ ಉದ್ದ ಆಗುತ್ತಾ?"

"ಮತ್ತೆ ಮೂರು ವಾರ ಊಟ ಬಿಟ್ಟದ್ದು ಯಾಕೆ?"

ಅವರು ಪ್ಯಾಂಟಿನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. "ಅವನು ಮನಸ್ಸು ಬದಲಿಸಿದ್ದರೆ? ಕೋಟು ಇದ್ದದ್ದು ಅದೊಂದೇ, ನನಗೆ ಆಗಬೇಕಿತ್ತಲ್ಲ. ಹೊಟ್ಟೆಯನ್ನೇನೋ ಇಳಿಸಬಹುದು. ತೋಳು ಗಿಡ್ಡ ಆದದ್ದಕ್ಕೆ ಏನೂ ಮಾಡೋ ಹಾಗಿರಲಿಲ್ಲ. ಡ್ರಮ್ಸ್ ಮುಂದೆ ಕೂತರೆ ಕೈ ಹೇಗೂ ಮಡಿಸಿಯೇ ಇರುತ್ತೆ, ಯಾರಿಗೂ ಕಾಣಲ್ಲ ಅಂದುಕೊಂಡೆ."

ಪ್ಯಾಂಟನ್ನು ಶುಕ್ರವಾರಕ್ಕೆ ಹೊಲಿದುಕೊಟ್ಟೆ. ಅಂತ್ಯಕ್ರಿಯೆಗೆ ಅವರು ನನ್ನನ್ನೂ ಕರೆದರು. ನಾನು ಹೋಗಲಿಲ್ಲ.